ಪುಣ್ಯಕೋಟಿ ಕೊಟ್ಟದ್ದೇನು?



ಕಳೆದ ಶ್ರಾವಣದಲ್ಲಿ ಬಂಧುಗಳೊಬ್ಬರ ಮನೆಗೆ ಹೋಗಿದ್ದೆವು. ಪ್ರಸಾದವಾದ ಬಳಿಕ ಆ ಮನೆಯ ಏಳು ವರ್ಷದ ಬಾಲಕಿ ಪುಣ್ಯಕೋಟಿಯ ಕಥೆಪುಸ್ತಕವನ್ನು ತಂದು ಗಟ್ಟಿಯಾಗಿ ಓದಿದಳು. ಒಂದಕ್ಷರವೂ ತಪ್ಪಲಿಲ್ಲ. ಹಿರಿಯರೆಲ್ಲ ತಲೆದೂಗಿದರು. ನಾವು ಸುಮ್ಮನಿರಲಾರದೆ, "ಹಸು ಹುಲಿಗೆ ಏನು ಕೊಟ್ಟಿತವ್ವಾ?" ಎಂದು ಕೇಳಿದೆವು. "ಭಾಷೆ ಕೊಟ್ಟಿತು" ಎಂದಳು. "ಭಾಷೆ ಎಂದರೇನು?" ಎಂದೆವು. "ಕನ್ನಡ ಭಾಷೆ, ಹಿಂದಿ ಭಾಷೆ ಅಂತ ಇರುತ್ತವಲ್ಲ ಅಜ್ಜಾ, ಅದು!" ಮನೆಮಂದಿಯೆಲ್ಲ ನಕ್ಕರು. ಮಗುವಿನ ಮುಖ ಬಾಡಿತು.

ನಗುವಂಥ ತಪ್ಪನ್ನೇನೂ ಆ ಮಗು ಮಾಡಿರಲಿಲ್ಲ. ಶಾಲೆಯಲ್ಲಿ ಆ ಶಬ್ದಕ್ಕೆ ಅದು ಕಲಿತ ಅರ್ಥ ಅದೊಂದೇ. ಆದರೆ ಕಥೆಯ ಪ್ರಾಣವೆಲ್ಲ ಆ ಶಬ್ದದಲ್ಲಿಯೇ ಇದೆ. ಕರುವಿಗೆ ಹಾಲೂಡಿಸಿ ಮರಳುವೆನೆಂದು ಹಸು ಮಾತು ಕೊಟ್ಟಿತೆಂಬುದು ತಿಳಿಯದಿದ್ದರೆ, ಅದು ತಾನಾಗಿಯೇ ಹುಲಿಯ ಬಳಿಗೆ ಏಕೆ ಹಿಂದಿರುಗಿತೆಂಬುದೂ, ಹುಲಿಯ ಮನ ಏಕೆ ಕರಗಿತೆಂಬುದೂ ತಿಳಿಯದು.

ಅಕ್ಷರವನ್ನು ಓದುವುದು ಬೇರೆ, ಅರ್ಥವನ್ನು ಅರಿಯುವುದು ಬೇರೆ. ಮನೆಯಲ್ಲಿ ಮಗು ಕೇಳುವುದು 'ಟೊಂಗೆ'; ಪುಸ್ತಕದಲ್ಲಿ ಕಾಣುವುದು 'ಕೊಂಬೆ'. ಈ ಎರಡರ ನಡುವೆ ಸೇತುವೆ ಕಟ್ಟುವವರು ನಾವಲ್ಲದೆ ಇನ್ನಾರು? ಬಸವ ಜಯಂತಿಯಂದು ವಚನಗಳನ್ನು ಬಾಯಿಪಾಠ ಒಪ್ಪಿಸಿ ಬಹುಮಾನ ಪಡೆಯುವ ಮಕ್ಕಳನ್ನು ಕಂಡಾಗಲೂ ನಮಗೆ ಇದೇ ಚಿಂತೆ. 12ನೆಯ ಶತಮಾನದ ಶರಣರು ಜನರಾಡುವ ಕನ್ನಡವನ್ನೇ ಆರಿಸಿಕೊಂಡರು. ಅದನ್ನು ನಮ್ಮ ಮಕ್ಕಳು ಅರಿಯದೆ ಉಚ್ಚರಿಸುವುದಾದರೆ, ಆ ಶ್ರಮಕ್ಕೆ ನಾವು ಸಲ್ಲಿಸಿದ ಗೌರವವೇನು?

ಹಾಗಾದರೆ ಮಾಡಬೇಕಾದುದೇನು? ಓದುವ ಮುನ್ನ ಚಿತ್ರ ತೋರಿಸಿ, ಏನು ನಡೆಯಬಹುದೆಂದು ಮಗುವನ್ನೇ ಕೇಳಿರಿ. ಒಂದು ಕೂಡ್ರುವಿಕೆಗೆ ಎರಡು ಮೂರು ಹೊಸ ಶಬ್ದಗಳು ಸಾಕು; ಹೆಜ್ಜೆಹೆಜ್ಜೆಗೂ ನಿಲ್ಲಿಸಿದರೆ ಕಥೆಯ ರುಚಿ ಕೆಡುವುದು. ಅರ್ಥವನ್ನು ನಿಘಂಟಿನಂತೆ ಹೇಳದೆ, ಮನೆಯ ಮಾತಿನಲ್ಲಿ, ಮಗು ಕಂಡುಂಡ ಸಂಗತಿಯಿಂದ ಹೇಳಿರಿ. "ಯಾರು, ಎಲ್ಲಿ" ಎಂಬುದರೊಡನೆ "ಏಕೆ" ಎಂದೂ ಕೇಳಿರಿ. ಅದೇ ಕಥೆಯನ್ನು ಮತ್ತೆ ಬೇಡಿದರೆ ಬೇಸರಿಸದಿರಿ. ಶಬ್ದ ನೆಲೆಯೂರುವುದು ಮರು ಓದಿನಲ್ಲಿ. ಮರುದಿನ ಊಟದ ಹೊತ್ತಿನಲ್ಲಿ ಆ ಶಬ್ದವನ್ನು ನೀವೇ ಒಮ್ಮೆ ಬಳಸಿರಿ. ಮಗು ಓದಲು ಕಲಿತಿತೆಂದು ನೀವು ಓದಿ ಹೇಳುವುದನ್ನು ನಿಲ್ಲಿಸಬೇಡಿರಿ. ತಾನೇ ಓದಬಲ್ಲುದಕ್ಕಿಂತ ಹೆಚ್ಚಿನದನ್ನು ಅದು ಕೇಳಿ ಗ್ರಹಿಸಬಲ್ಲುದು.

ಇದು ನಮ್ಮ ಅನುಭವದ ಮಾತಷ್ಟೇ ಅಲ್ಲ. ಅಮೆರಿಕೆಯ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು 1988ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, 21ರಿಂದ 35 ತಿಂಗಳ ಮಕ್ಕಳ ತಂದೆತಾಯಿಗಳಿಗೆ ಚಿತ್ರಪುಸ್ತಕ ಓದುವಾಗ ಪ್ರಶ್ನೆ ಕೇಳುವ, ಮಗುವಿನ ಮಾತನ್ನು ಬೆಳೆಸಿ ಹೇಳುವ ರೀತಿಯನ್ನು ಕಲಿಸಿದರು. ಒಂದೇ ತಿಂಗಳಲ್ಲಿ ಆ ಮಕ್ಕಳು, ಎಂದಿನಂತೆ ಓದಿಸಿಕೊಂಡ ಮಕ್ಕಳಿಗಿಂತ ಮಾತಿನಲ್ಲಿ ಮುಂದಾದರು. ಇದಕ್ಕೆ ಖರ್ಚೂ ಹೆಚ್ಚಿಲ್ಲ. 1957ರಲ್ಲಿ ಸ್ಥಾಪಿತವಾದ ನ್ಯಾಷನಲ್ ಬುಕ್ ಟ್ರಸ್ಟ್ ಕನ್ನಡದಲ್ಲಿಯೂ ಮಕ್ಕಳ ಪುಸ್ತಕಗಳನ್ನು ಹೊರತಂದಿದೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡ ಕಥೆಗಳನ್ನು ಉಚಿತವಾಗಿ ಓದಬಹುದು.

ಆ ಸಂಜೆ ನಾವು ಬಾಲಕಿಯನ್ನು ಬಳಿ ಕುಳ್ಳಿರಿಸಿಕೊಂಡು ಕೇಳಿದೆವು: "ಜಾತ್ರೆಗೆ ಕರೆದೊಯ್ಯುವೆನೆಂದು ಹೇಳಿ ಅವ್ವ ಕರೆದೊಯ್ಯದಿದ್ದರೆ?" "ಮಾತು ತಪ್ಪಿದ ಹಾಗೆ." "ಹಸು ಹುಲಿಗೆ ಕೊಟ್ಟದ್ದೂ ಅಂಥ ಮಾತೇ. ಅದಕ್ಕೆ ಭಾಷೆ ಎನ್ನುವರು, ವಚನವೆಂದೂ ಎನ್ನುವರು." ಮಗು ಕ್ಷಣಕಾಲ ಪುಸ್ತಕವನ್ನೇ ನೋಡಿತು. "ಹಾಗಾದರೆ ಹಸು ಓಡಿಹೋಗಬಹುದಿತ್ತು, ಆದರೂ ಬಂತು!" ಎಂದಿತು. ಕಥೆ ಅದಕ್ಕೆ ದಕ್ಕಿದ್ದು ಆಗ.

ಬಳಿಕ ತಂದೆಯತ್ತ ತಿರುಗಿ, "ಅಪ್ಪಾ, ದಿನಾ ಒಂದು ಕಥೆ ಓದುವೆನೆಂದು ಭಾಷೆ ಕೊಡು" ಎಂದು ಕೈ ಚಾಚಿತು. ಈ ಬಾರಿ ಯಾರೂ ನಗಲಿಲ್ಲ. ತಂದೆ ಭಾಷೆ ಕೊಟ್ಟರು. ನುಡಿದಂತೆ ನಡೆಯುವ ಹೊಣೆ ಇನ್ನು ಅವರದು. ಅವರದಷ್ಟೇ ಅಲ್ಲ, ನಮ್ಮೆಲ್ಲರದು.