ಕಣ್ಣಿನ ಗಾಜಿಗೆ ಕಾವಲು



ನಮ್ಮ ಕಣ್ಣಿನ ಮುಂಭಾಗದಲ್ಲಿ ಗಾಜಿನಂತಿರುವ ಪಟಲಕ್ಕೆ ಕಾರ್ನಿಯಾ ಎನ್ನುತ್ತಾರೆ. ಅದರಲ್ಲಿ ರಕ್ತನಾಳಗಳಿಲ್ಲ, ಇದ್ದಿದ್ದರೆ ದೃಷ್ಟಿ ಮಂಜಾಗುತ್ತಿತ್ತು. ಆಮ್ಲಜನಕವನ್ನು ಅದು ಕಣ್ಣೀರಿನ ಮೂಲಕ ಗಾಳಿಯಿಂದಲೂ, ಆಹಾರವನ್ನು ಕಣ್ಣಿನೊಳಗಿನ ದ್ರವದಿಂದಲೂ ಪಡೆಯುತ್ತದೆ.

ಪಕ್ಕದ ಬಿಳಿಭಾಗದಲ್ಲಿ ನಾಳಗಳು ಧಾರಾಳವಾಗಿವೆ. ಅವು ಗಡಿ ದಾಟುವುದಿಲ್ಲವೇಕೆ? ಜೀವಕೋಶಗಳು ಒಂದಕ್ಕೊಂದು ಸಂದೇಶ ಕಳುಹಿಸುತ್ತವೆ. ಅದನ್ನು ಹಿಡಿಯಲು ಕೋಶದ ಮೇಲೆ ಗ್ರಾಹಕಗಳಿರುತ್ತವೆ. ಬೀಗಕ್ಕೆ ಬೀಗದಕೈಯಂತೆ ಸಂದೇಶವು ಗ್ರಾಹಕಕ್ಕೆ ಹೊಂದಬೇಕು. 'ವಿ.ಇ.ಜಿ.ಎಫ್.' ಎಂಬ ಸಂದೇಶ ತಲುಪಿದರೆ ರಕ್ತನಾಳ ಚಿಗುರುತ್ತದೆ. ಕಾರ್ನಿಯಾವಾದರೋ ಅದೇ ಗ್ರಾಹಕವನ್ನು ಬಿಡಿಯಾಗಿ ತಯಾರಿಸಿ ತನ್ನೊಳಗೆ ಹರಡಿಕೊಂಡಿದೆ. ಅದು ಸಂದೇಶವನ್ನು ದಾರಿಯಲ್ಲೇ ಹಿಡಿದಿಡುತ್ತದೆ. 2006ರಲ್ಲಿ ಅಮೆರಿಕದ ಜಯಕೃಷ್ಣ ಅಂಬಾಟಿ ಮತ್ತು ಸಂಗಡಿಗರು ಇದನ್ನು ತೋರಿಸಿದರು. ಮ್ಯಾನಟಿ ಎಂಬ ಜಲಚರ ಪ್ರಾಣಿಯ ಕಾರ್ನಿಯಾದಲ್ಲಿ ಈ ಬಿಡಿ ಗ್ರಾಹಕವಿಲ್ಲ. ಅಲ್ಲಿ ರಕ್ತನಾಳಗಳು ಬೆಳೆದಿರುತ್ತವೆ.

ಇದರಿಂದ ನಮಗೇನು ಲಾಭ? ಹೊರಗಿನದನ್ನು ಎದುರಿಸುವ ರಕ್ಷಣಾ ಕಣಗಳು ರಕ್ತದ ದಾರಿಯಲ್ಲಿ ಬರುತ್ತವೆ. ಆ ದಾರಿಯೇ ಇಲ್ಲದಿರುವುದು ಬೇರೊಬ್ಬರ ಕಾರ್ನಿಯಾ ನಮ್ಮ ಕಣ್ಣಿನಲ್ಲಿ ಬಾಳಲು ಒಂದು ಮುಖ್ಯ ಕಾರಣ. 1905ರಲ್ಲಿ, ಇಂದಿನ ಚೆಕ್ ದೇಶದ ಓಲೊಮೋಟ್ಸ್‌ನಲ್ಲಿ ಎಡ್ವರ್ಡ್ ಜಿರ್ಮ್ ಎಂಬ ವೈದ್ಯರು ಸುಣ್ಣದಿಂದ ಕಣ್ಣು ಸುಟ್ಟುಕೊಂಡಿದ್ದ ಕೂಲಿಯಾಳಿಗೆ, ಗಾಯದಿಂದಾಗಿ ಕಣ್ಣು ತೆಗೆಯಬೇಕಾಗಿ ಬಂದ 11 ವರ್ಷದ ಹುಡುಗನ ಕಾರ್ನಿಯಾ ಜೋಡಿಸಿದರು. ಅವನಿಗೆ ದೃಷ್ಟಿ ಮರಳಿತು.

ಆದರೆ ಸುಣ್ಣ ಬಿದ್ದು ಅಥವಾ ಹುಣ್ಣಾಗಿ ಈ ಕಾವಲು ಮುರಿದರೆ ನಾಳಗಳು ನುಗ್ಗುತ್ತವೆ. ಮುಂದೆ ಜೋಡಿಸಿದ ಕಾರ್ನಿಯಾವನ್ನೂ ದೇಹ ತಿರಸ್ಕರಿಸುವ ಅಪಾಯ ಹೆಚ್ಚು. ಆದುದರಿಂದ ಎಲೆಯಡಿಕೆಯ ಸುಣ್ಣದ ಡಬ್ಬಿಯನ್ನು ಮಕ್ಕಳ ಕೈಗೆ ಸಿಗದಂತೆ ಇಡೋಣ. ಕಣ್ಣಿಗೆ ಸುಣ್ಣ ಬಿದ್ದರೆ ತಕ್ಷಣ ಶುದ್ಧ ನೀರಿನಿಂದ ಬಹಳ ಹೊತ್ತು ತೊಳೆದು ವೈದ್ಯರಲ್ಲಿಗೆ ಓಡೋಣ. ಸೊಪ್ಪಿನ ರಸ, ಎದೆಹಾಲು ಬೇಡ.

ಇನ್ನು ನೇತ್ರದಾನ. ಕನ್ನಡಕದವರೂ, ಪೊರೆಯ ಆಪರೇಷನ್ ಆದವರೂ, ವೃದ್ಧರೂ ಕೊಡಬಹುದು. ಸಾಮಾನ್ಯವಾಗಿ ರಕ್ತದ ಗುಂಪು ಹೊಂದಬೇಕಾಗಿಲ್ಲ. ಮುಖ ವಿಕಾರವಾಗುವುದಿಲ್ಲ, ಅಂತ್ಯಕ್ರಿಯೆಗೆ ತಡವಾಗುವುದಿಲ್ಲ. ಸಾವಿನ ನಂತರ 6 ಗಂಟೆಯೊಳಗೆ ತೆಗೆಯಬೇಕು. ನೇತ್ರ ಬ್ಯಾಂಕಿನವರು ಬರುವ ತನಕ ರೆಪ್ಪೆ ಮುಚ್ಚಿ, ಒದ್ದೆ ಹತ್ತಿಯಿಟ್ಟು, ಫ್ಯಾನ್ ಆರಿಸಿ, ತಲೆಯನ್ನು ದಿಂಬಿನ ಮೇಲೆ ಎತ್ತರಿಸಿಡಬೇಕು.

ಕೊನೆಗೆ ಒಪ್ಪಿಗೆ ಕೊಡಬೇಕಾದವರು ಮನೆಯವರು. ಅಳುವಿನ ನಡುವೆ ಈ ಮಾತು ಎತ್ತುವುದು ಯಾರಿಗೂ ಸುಲಭವಲ್ಲ. ಇಂದು ರಾತ್ರಿ ಊಟಕ್ಕೆ ಕೂತಾಗಲೇ ನಮ್ಮ ಇಚ್ಛೆಯನ್ನು ಅವರಿಗೆ ಹೇಳಿಡೋಣ.