ದಿನಸಿಯ ಹೊರೆ ಯಾರ ತಲೆಯ ಮೇಲೆ?

ಈಚೆಗೆ ಕಡೂರಿನಲ್ಲಿ ಸ್ನೇಹಿತರೊಬ್ಬರ ಮನೆಗೆ ಹೋಗಿದ್ದೆನು. ಮನೆಯ ಯಜಮಾನರು ನಿವೃತ್ತ ಅಧಿಕಾರಿಗಳು, ಸುಸಂಸ್ಕೃತರು, ಪುಸ್ತಕಕ್ಕೆ ಹಣ ಕೊಡಲು ಹಿಂದೆಗೆಯುವವರಲ್ಲ. ನಾನು ಕುಳಿತಿದ್ದಾಗಲೇ ಅವರ ಸೊಸೆಯು ಒಳಗಿನಿಂದ ಬಂದು, ತಿಂಗಳ ಸಾಮಾನಿನ ಚೀಟಿಯನ್ನು ಮೊಬೈಲಿನಲ್ಲಿ ಅಂಗಡಿಗೆ ಕಳುಹಿಸಿದರೆ ಸಾಮಾನು ಮನೆಗೇ ಬರುವುದೆಂದೂ, ಅದಕ್ಕೆ 30 ರೂಪಾಯಿ ಕೂಲಿಯೆಂದೂ ತಿಳಿಸಿದರು. ಯಜಮಾನರು "ಮೂವತ್ತು ರೂಪಾಯಿಯೆ! ನಮಗೇನು ಕೈಕಾಲು ಬಿದ್ದುಹೋಗಿವೆಯೇನಮ್ಮಾ?" ಎಂದರು. ಆಕೆ "ಆಗಲಿ ಮಾವ" ಎಂದು ಎರಡು ಚೀಲಗಳನ್ನು ತೆಗೆದುಕೊಂಡು ಬಿಸಿಲಿಗೆ ಹೊರಟರು. ಯಜಮಾನರ ಕೈಕಾಲುಗಳು ಆರಾಮಕುರ್ಚಿಯಲ್ಲಿಯೇ ಇದ್ದುವು.

ಕಡೂರು, ತರೀಕೆರೆ, ಅಜ್ಜಂಪುರಗಳ ಕಡೆಯ ಸುಶಿಕ್ಷಿತ ಮನೆಗಳಲ್ಲಿ ಈ ಭಾವನೆಯು ಬಲವಾಗಿ ಬೇರೂರಿದೆ. ಸಾಮಾನನ್ನು ಹೋಗಿ ತರುವುದು ಮಿತವ್ಯಯ, ಮನೆಗೆ ತರಿಸಿಕೊಳ್ಳುವುದು ದುಂದುಗಾರಿಕೆ, ಮೇಲಾಗಿ ಸೋಮಾರಿತನ ಎಂದು ನಂಬಿರುವವರೇ ಬಹುಮಂದಿ. ಈ ನಂಬಿಕೆಯು ಲೆಕ್ಕವನ್ನು ಪೂರ್ತಿಯಾಗಿ ಬರೆಯದಿರುವುದರ ಫಲವೆಂದು ತೋರಿಸುವುದೇ ಈ ಲೇಖನದ ಉದ್ದೇಶ. ಅದರೊಡನೆ, "ಉಚಿತವಾಗಿ ಮನೆಗೆ ಮುಟ್ಟಿಸುವೆವು" ಎಂದು ಮೊಬೈಲಿನೊಳಗಿಂದ ಕೂಗಿ ಕರೆಯುವವರ ಮಾತಿನಲ್ಲಿಯೂ ಅದೇ ದೋಷವಿದೆಯೆಂದು ಹೇಳಬೇಕಾಗಿದೆ. ಹೊರೆಯು ನಮ್ಮ ಕಣ್ಣಿಗೆ ಬೀಳದ ಮಾತ್ರಕ್ಕೆ ಇಲ್ಲವಾಗುವುದಿಲ್ಲ. ಅದನ್ನು ಯಾರಾದರೊಬ್ಬರು ಹೊತ್ತೇ ಇರುತ್ತಾರೆ.

ವಿಚಿತ್ರವೇನೆಂದರೆ, ಮಾರುವಾಗ ನಾವು ಈ ತಪ್ಪನ್ನು ಮಾಡುವುದಿಲ್ಲ. ಅಜ್ಜಂಪುರದ ಸೀಮೆಯ ರೈತನು ಈರುಳ್ಳಿಯನ್ನು ಬೆಂಗಳೂರಿನ ಯಶವಂತಪುರದ ಮಾರುಕಟ್ಟೆಗೆ ಕಳುಹಿಸುವಾಗ ಲಾರಿಯ ಬಾಡಿಗೆ, ಹಮಾಲಿ, ಚೀಲದ ಬೆಲೆ, ಇವುಗಳಲ್ಲಿ ಒಂದನ್ನೂ ಬಿಡದೆ ಕಳೆದು, ಉಳಿದುದನ್ನು ಮಾತ್ರ ಆದಾಯವೆನ್ನುತ್ತಾನೆ. ತರೀಕೆರೆಯ ತೋಟದವರು ಅಡಕೆಯನ್ನು ಶಿವಮೊಗ್ಗದ ಮಂಡಿಗೆ ಸಾಗಿಸುವಾಗಲೂ ಲೆಕ್ಕವು ಹೀಗೆಯೇ. ಅದೇ ಜನರು ಅಂಗಡಿಯಿಂದ ಬೇಳೆ ಬೆಲ್ಲ ತರುವಾಗ ಮಾತ್ರ ಸಾಗಣೆಯೆಂಬ ಕಲಮೇ ಪುಸ್ತಕದಿಂದ ಮಾಯವಾಗುತ್ತದೆ. ನಮ್ಮ ಹುಳಿಯ ತೊಗರಿಬೇಳೆಯು ದೂರದ ಕಲಬುರಗಿಯ ಹೊಲದಲ್ಲಿ ಬೆಳೆದು, ಹತ್ತು ಕೈ ದಾಟಿ ನಮ್ಮೂರಿನ ಅಂಗಡಿಯನ್ನು ಸೇರಿದರೆ ಅದನ್ನು ಯಾರೂ ಸೋಮಾರಿತನವೆನ್ನುವುದಿಲ್ಲ. ಕಲಬುರಗಿಗೆ ನಾವೇ ಹೋಗಿ ತರಬೇಕೆಂದು ವಾದಿಸುವವರೂ ಇಲ್ಲ. ಹೀಗಿರಲು, ಅಂಗಡಿಯಿಂದ ಅಡುಗೆಮನೆಯವರೆಗಿನ ಕೊನೆಯ ದಾರಿಯಲ್ಲಿ ಮಾತ್ರ ಕೂಲಿ ಕೊಡುವುದು ಅಪರಾಧವಾಗುವುದೆಂತು?

ಒಂದು ಲೆಕ್ಕವನ್ನು ಹಾಕಿ ನೋಡೋಣ. ಅಜ್ಜಂಪುರಕ್ಕೆ 10 ಕಿಲೋಮೀಟರು ದೂರದ ಹಳ್ಳಿಯ ಮನೆಯೊಂದರಿಂದ ವಾರಕ್ಕೊಮ್ಮೆ ಸ್ಕೂಟರಿನಲ್ಲಿ ಪೇಟೆಗೆ ಹೋಗಿಬರುವರೆಂದು ಇಟ್ಟುಕೊಳ್ಳೋಣ. ಹೋಗಿಬರುವ ದಾರಿ 20 ಕಿಲೋಮೀಟರು. ಲೀಟರಿಗೆ 40 ಕಿಲೋಮೀಟರಿನಂತೆ ಅರ್ಧ ಲೀಟರು ಪೆಟ್ರೋಲು. ಲೀಟರಿಗೆ 100 ರೂಪಾಯಿ ಎಂದು ಹಿಡಿದರೂ ಒಂದು ಸಲಕ್ಕೆ 50, ತಿಂಗಳಿಗೆ 200 ರೂಪಾಯಿ ಆಯಿತು. ಪ್ರಯಾಣ, ಸರದಿ, ತೂಕ, ಚೌಕಾಸಿ ಎಲ್ಲವೂ ಸೇರಿ ಸಲಕ್ಕೆ ಎರಡೂವರೆ ಗಂಟೆಯಂತೆ ತಿಂಗಳಿಗೆ 10 ಗಂಟೆ. ಉದ್ಯೋಗ ಖಾತ್ರಿಯಲ್ಲಿ ಕರ್ನಾಟಕಕ್ಕೆ 2025-26ರಲ್ಲಿ ಗೊತ್ತುಮಾಡಿದ್ದ ದಿನಗೂಲಿ 370 ರೂಪಾಯಿ. ಎಂಟು ಗಂಟೆಯ ದಿನವೆಂದರೆ ಗಂಟೆಗೆ 46 ರೂಪಾಯಿಗೆ ಮೇಲಾಯಿತು. ಮಣ್ಣು ಹೊರುವವರ ಕೂಲಿಯ ದರದಲ್ಲಿಯೇ ಎಣಿಸಿದರೂ ಆ 10 ಗಂಟೆಗಳ ಬೆಲೆ 460 ರೂಪಾಯಿ. ಒಟ್ಟು 660. ದಾರಿಯ ಕಾಫಿತಿಂಡಿಯನ್ನೂ, ಚೀಟಿಯಲ್ಲಿಲ್ಲದೆ ಚೀಲಕ್ಕೆ ಬಿದ್ದ ಪದಾರ್ಥಗಳನ್ನೂ ನಾನು ಎಣಿಸಿಲ್ಲ.

ರಿಯಾಯಿತಿಯ ಆಸೆಯಿಂದ ಕಡೂರಿನವರು ಕಾರಿನಲ್ಲಿ ಚಿಕ್ಕಮಗಳೂರಿಗೂ, ತರೀಕೆರೆಯವರು ಶಿವಮೊಗ್ಗಕ್ಕೂ ಹೋಗಿಬರುವುದುಂಟು. ಎರಡೂ ಸುಮಾರು 40 ಕಿಲೋಮೀಟರಿನ ದಾರಿ. ಹೋಗಿಬರಲು 80 ಕಿಲೋಮೀಟರು. ಲೀಟರಿಗೆ 16ರಂತೆ 5 ಲೀಟರು. ಎಂದರೆ 500 ರೂಪಾಯಿ. ಐನೂರು ರೂಪಾಯಿ ಸುಟ್ಟು, ಎಣ್ಣೆಯ ಡಬ್ಬಿಯಲ್ಲಿ 40 ರೂಪಾಯಿ ಉಳಿಸಿದೆವೆಂದು ಸಂತೋಷಪಡುವವರನ್ನು ಮಿತವ್ಯಯಿಗಳೆನ್ನುವುದು ಹೇಗೆ?

ಹಣದ ಲೆಕ್ಕಕ್ಕಿಂತಲೂ ಗುರುತರವಾದುದು ಶ್ರಮದ ಲೆಕ್ಕ. ಕೇಂದ್ರ ಸರ್ಕಾರವು 2024ರಲ್ಲಿ ನಡೆಸಿದ ಕಾಲಬಳಕೆಯ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷಗಳನ್ನೂ, ಗಂಡಸರು 88 ನಿಮಿಷಗಳನ್ನೂ ಅದಕ್ಕೆ ವ್ಯಯಿಸುತ್ತಾರೆ. ಈ ವ್ಯತ್ಯಾಸವನ್ನು ತಿಳಿದ ಮೇಲೆಯೂ "ನಾವೇ ತಂದುಕೊಳ್ಳುತ್ತೇವೆ" ಎಂಬ ವಾಕ್ಯದಲ್ಲಿ "ನಾವು" ಎಂದರೆ ಯಾರು ಎಂದು ಕೇಳದಿರುವುದು ಹೇಗೆ? 2023ರ ಜೂನ್ 11ರಿಂದ ಶಕ್ತಿ ಯೋಜನೆಯಂತೆ ಹೆಂಗಸರು ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ಚೀಟಿಯ ಹಣವಿಲ್ಲದೆ ಪ್ರಯಾಣ ಮಾಡುತ್ತಿದ್ದಾರೆ. ಇದು ಒಳ್ಳೆಯ ಏರ್ಪಾಡೇ ಸರಿ. ಆದರೆ ಕೆಲವು ಮನೆಗಳಲ್ಲಿ ಇದರಿಂದ ಹುಟ್ಟಿದ ತರ್ಕವು ಮಾತ್ರ ಸೋಜಿಗದ್ದು: "ಬಸ್ಸಿಗೆ ದುಡ್ಡಿಲ್ಲವಲ್ಲ, ನೀನೇ ಹೋಗಿ ತಂದುಬಿಡು." ಬಸ್ಸಿಗೆ ದುಡ್ಡಿಲ್ಲ, ನಿಜ, ಬಸ್ಸಿಗಾಗಿ ಕಾದ ಹೊತ್ತಿಗೆ ಬೆಲೆಯಿಲ್ಲವೆ? ಹತ್ತು ಸೇರಿನ ಚೀಲಕ್ಕೆ ಭಾರವಿಲ್ಲವೆ?

ಮನೆಯ ಬಾಗಿಲಿಗೆ ಪದಾರ್ಥ ಬರುವುದು ಹೊಸ ಕಾಲದ ವಿಲಾಸವೆಂದು ತಿಳಿಯುವುದೂ ತಪ್ಪು. ಹಾಲು ಮೊಸರಿನವಳು, ಸೊಪ್ಪಿನ ಬುಟ್ಟಿಯವಳು, ಬಳೆಗಾರ, ಇವರೆಲ್ಲ ನಮ್ಮ ಅಜ್ಜಿಯರ ಬಾಗಿಲಿಗೆ ಬಂದವರೇ. ಅಂಗಡಿಯಲ್ಲಿಯೂ ಚೀಟಿಯನ್ನು ಕೊಟ್ಟು ಕುಳಿತರೆ ಆಳುಗಳು ತೂಗಿ, ಪೊಟ್ಟಣ ಕಟ್ಟಿ ಕೊಡುತ್ತಿದ್ದರು. ಗಿರಾಕಿಯೇ ಬುಟ್ಟಿ ಹಿಡಿದು, ಸಾಲುಗಳ ನಡುವೆ ಅಲೆದು, ಬೇಕಾದುದನ್ನು ತಾನೇ ಆಯ್ದುಕೊಳ್ಳುವ ಪದ್ಧತಿಯನ್ನು ಪ್ರಚಾರಕ್ಕೆ ತಂದುದು ಅಮೆರಿಕದ ಮೆಂಫಿಸ್ ಪಟ್ಟಣದಲ್ಲಿ 1916ರಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಎಂಬ ವರ್ತಕನು ತೆರೆದ ಅಂಗಡಿ. ಆಳಿನ ಸಂಬಳ ಉಳಿಯಿತು. ಆಳಿನ ಕೆಲಸವು ಗಿರಾಕಿಯ ಪಾಲಿಗೆ ಬಂದಿತು. ಇಂದು ನಾವು ಸ್ವಾತಂತ್ರ್ಯವೆಂದು ಹೊಗಳುವ ಆ ಅಲೆದಾಟವು ಮೂಲದಲ್ಲಿ ಸಂಬಳವಿಲ್ಲದ ಚಾಕರಿ.

ಇನ್ನು ಪೂರ್ವಪಕ್ಷಗಳನ್ನು ವಿಚಾರಿಸೋಣ. ಪದಾರ್ಥವನ್ನು ಕಣ್ಣಾರೆ ನೋಡಿ, ಮುಟ್ಟಿ ಕೊಳ್ಳಬೇಕೆಂಬುದು ಮೊದಲನೆಯದು. ಬದನೆಕಾಯಿ, ಸೊಪ್ಪು, ಹಣ್ಣುಗಳ ವಿಷಯದಲ್ಲಿ ಈ ಮಾತು ಸರಿ. ಅವಕ್ಕಾಗಿ ಸಂತೆಗೆ ಹೋಗುವುದೇ ಲೇಸು. ಆದರೆ ಸಕ್ಕರೆ, ಉಪ್ಪು, ಸಾಬೂನು, ಮುಚ್ಚಿದ ಎಣ್ಣೆಯ ಡಬ್ಬಿ, ಇವುಗಳನ್ನು ಮುಟ್ಟಿ ನೋಡಿ ತಿಳಿಯುವುದೇನು? ಬೇಳೆಯಲ್ಲಿ ಹುಳು ಕಂಡರೆ ಹಿಂದಕ್ಕೆ ಕಳುಹಿಸುವ ಹಕ್ಕು ಇದ್ದರೆ ಸಾಕು.

ಸಂತೆಯ ಸೊಗಸು, ನಾಲ್ವರನ್ನು ಕಂಡು ಮಾತನಾಡುವ ಸಂತೋಷ, ಇವು ತಪ್ಪಿಹೋಗುವುವೆಂಬುದು ಎರಡನೆಯದು. ಸಂತೆಗೆ ಹೋಗಬೇಡಿರೆಂದು ನಾನು ಹೇಳುತ್ತಿಲ್ಲ. ಹೊರೆಯಾಳಾಗಿ ಹೋಗಬೇಡಿರಿ ಎನ್ನುತ್ತೇನೆ. ಭುಜಕ್ಕೆ ಭಾರವಿಲ್ಲದವರು ಇನ್ನೂ ಒಂದು ಗಳಿಗೆ ನಿಂತು ಮಾತನಾಡಬಹುದು.

ಮೂರನೆಯದು ನಿಜವಾಗಿಯೂ ಭಾರವಾದ ಆಕ್ಷೇಪಣೆ: ಮನೆಗೆ ತರಿಸಿಕೊಳ್ಳುವ ರೂಢಿಯಿಂದ ನಮ್ಮೂರಿನ ವರ್ತಕರು ಹಾಳಾಗಿ, ಹಣವೆಲ್ಲ ದೂರದ ಕಂಪನಿಗಳ ಪಾಲಾಗುವುದು. ಈ ಭಯವು ಸಕಾರಣವಾದುದೇ. ಬೆಂಗಳೂರಿನಲ್ಲಿ 2011ರಲ್ಲಿ ಬಿಗ್‌ಬ್ಯಾಸ್ಕೆಟ್ ಹುಟ್ಟಿತು. 2021ರಿಂದೀಚೆಗೆ "ಹತ್ತು ನಿಮಿಷದಲ್ಲಿ ಮನೆಗೆ" ಎಂಬ ಘೋಷಣೆಯೂ ಆ ನಗರದಲ್ಲಿ ಕೇಳಿಬಂದಿತು. ಅಲ್ಲಿರುವ ನಮ್ಮ ಮಕ್ಕಳು ರಜಕ್ಕೆ ಬಂದಾಗ ಅದರ ವೈಭವವನ್ನು ಹೇಳಿ ಬೆರಗುಗೊಳಿಸುತ್ತಾರೆ. ಆದಕಾರಣ ಆ "ಉಚಿತ"ದ ಒಳಗನ್ನೂ ಬಿಚ್ಚಿ ನೋಡಬೇಕು.

ಮೊದಲು ದಾರಿಯ ಲೆಕ್ಕ. ಒಂದು ಹಳ್ಳಿಯ 20 ಮನೆಗಳವರು ಬೇರೆ ಬೇರೆಯಾಗಿ 20 ಕಿಲೋಮೀಟರು ಹೋಗಿಬಂದರೆ ಒಟ್ಟು 400 ಕಿಲೋಮೀಟರು. ಆ 20 ಮನೆಗಳ ಸಾಮಾನನ್ನು ಒಂದು ಸರಕಿನ ಆಟೋ ಒಂದೇ ಸುತ್ತಿನಲ್ಲಿ ಹಂಚಿದರೆ 25 ಕಿಲೋಮೀಟರು ಸಾಕು. ಮನೆಗೆ ಮುಟ್ಟಿಸುವುದರ ಉಳಿತಾಯವೆಲ್ಲ ಈ ಒಟ್ಟುಗೂಡಿಸುವಿಕೆಯಲ್ಲಿದೆ. ಅವಸರವು ಇದನ್ನೇ ನಾಶಮಾಡುತ್ತದೆ. ಒಂದು ಕಟ್ಟು ಕೊತ್ತಂಬರಿಗಾಗಿ ಒಬ್ಬ ಹುಡುಗ, ಒಂದು ವಾಹನ, ಒಂದು ಓಟ! ಇದರ ವೆಚ್ಚವನ್ನು ಯಾರೂ ಕೊಡುತ್ತಿಲ್ಲವೆಂದು ನಂಬುವುದು ಶುದ್ಧ ಮೌಢ್ಯ. ಒಂದು ಪಾಲನ್ನು ಬಂಡವಾಳಗಾರರು ಗಿರಾಕಿಯನ್ನು ಒಲಿಸಿಕೊಳ್ಳುವವರೆಗೆ ಹೊರುತ್ತಾರೆ. ಒಂದು ಪಾಲು ಪದಾರ್ಥದ ಬೆಲೆಯಲ್ಲಿ ಅಡಗಿರುತ್ತದೆ. ಇನ್ನೊಂದು ಪಾಲನ್ನು ಮಳೆ ಬಿಸಿಲೆನ್ನದೆ ಓಡುವ ಹುಡುಗನು ತನ್ನ ಮೈಯಿಂದ ತೆರುತ್ತಾನೆ.

ಗ್ರಾಹಕರ ಕಣ್ಣಿಗೆ ಮಣ್ಣೆರಚುವ ಉಪಾಯಗಳು ಅತಿಯಾದುದರಿಂದಲೇ ಕೇಂದ್ರ ಸರ್ಕಾರವು 2023ರ ನವೆಂಬರಿನಲ್ಲಿ ಅಂತಹ 13 ಬಗೆಯ ಉಪಾಯಗಳನ್ನು ಹೆಸರಿಸಿ ನಿಷೇಧಿಸಿತು. ಕೇಳದ ಪದಾರ್ಥವನ್ನೋ ಶುಲ್ಕವನ್ನೋ ಬುಟ್ಟಿಗೆ ಸೇರಿಸುವುದು ಅವುಗಳಲ್ಲಿ ಒಂದು. ಮೊದಲು ಕಡಿಮೆ ಬೆಲೆ ತೋರಿಸಿ, ಕೊನೆಯ ಗಳಿಗೆಯಲ್ಲಿ ಒಂದೊಂದಾಗಿ ಶುಲ್ಕವನ್ನು ಹೊರತೆಗೆಯುವುದು ಮತ್ತೊಂದು. ಆ ದುಡಿಯುವ ಹುಡುಗರ ರಕ್ಷಣೆಗಾಗಿ ಕರ್ನಾಟಕವು 2025ರಲ್ಲಿ ಒಂದು ಕಾಯಿದೆಯನ್ನೇ ಮಾಡಿ, ಅವರಿಗೆ ಸಲ್ಲುವ ಹಣದ ಮೇಲೆ ಶೇಕಡಾ 1ರಿಂದ 5ರವರೆಗೆ ಕ್ಷೇಮಾಭಿವೃದ್ಧಿ ಶುಲ್ಕವನ್ನು ಕಂಪನಿಗಳಿಂದ ಪಡೆಯಲು ಅವಕಾಶ ಕಲ್ಪಿಸಿತು. ಎಲ್ಲವೂ ನಿಜವಾಗಿ ಉಚಿತವಾಗಿದ್ದರೆ ಈ ನಿಯಮಗಳೂ ಕಾಯಿದೆಗಳೂ ಏಕೆ ಬೇಕಾಗುತ್ತಿದ್ದುವು?

ಆದುದರಿಂದ ಎರಡು ಮೂಢನಂಬಿಕೆಗಳನ್ನೂ ಬಿಡತಕ್ಕದ್ದು. ಮನೆಯ ಹೆಂಗಸರು ಹೊತ್ತರೆ ಉಚಿತವೆಂಬುದು ಒಂದು. ಕಂಪನಿಯ ಹುಡುಗ ಹೊತ್ತರೆ ಉಚಿತವೆಂಬುದು ಇನ್ನೊಂದು. ಹೊತ್ತವರಿಗೆ ಕೂಲಿಯನ್ನು ಬಹಿರಂಗವಾಗಿ ಕೊಡುವುದೇ ಮರ್ಯಾದೆಯ ಮಾರ್ಗ. ಆ ಕೂಲಿಯು ನಮ್ಮೂರಿನವರ ಕೈ ಸೇರಿದರೆ ಮೂರನೆಯ ಆಕ್ಷೇಪಣೆಗೂ ಅದೇ ಸಮಾಧಾನ.

ಇದಕ್ಕೆ ವರ್ತಕರು ಮಾಡಬೇಕಾದುದೂ ಉಂಟು. ಚೀಟಿ ಕಳುಹಿಸಿದವರಿಗೆ ಒಳ್ಳೆಯ ಬೇಳೆ ಮುಗಿದು ಹಳೆಯ ಬೇಳೆ ಬರುವುದು, ಸಾಗಣೆಗೆ ಹಣವಿಲ್ಲವೆಂದು ಹೇಳಿ ದರದಲ್ಲಿ ಎರಡು ರೂಪಾಯಿ ಏರಿಸುವುದು, ಈ ದುರಭ್ಯಾಸಗಳು ನಿಲ್ಲದಿದ್ದರೆ ಗಿರಾಕಿಗಳು ಬೆಂಗಳೂರಿನ ಕಡೆಗೆ ಮುಖ ತಿರುಗಿಸಿದಾಗ ಅಳುವ ಅಧಿಕಾರ ಅವರಿಗಿರುವುದಿಲ್ಲ. ಪ್ರತಿ ಬಡಾವಣೆಗೂ ಹಳ್ಳಿಗೂ ವಾರದಲ್ಲಿ ಒಂದು ದಿನವನ್ನು ಗೊತ್ತುಮಾಡಲಿ. ದರದ ಪಟ್ಟಿಯನ್ನು ಮೊದಲೇ ಕಳುಹಿಸಲಿ. ಸಾಗಣೆಯ ಕೂಲಿಯನ್ನು ಬಿಲ್ಲಿನಲ್ಲಿ ಬೇರೆ ಕಲಮಾಗಿ ಬರೆಯಲಿ. ಕೆಟ್ಟ ಪದಾರ್ಥವನ್ನು ಮಾತಿಲ್ಲದೆ ಹಿಂದಕ್ಕೆ ಪಡೆಯಲಿ. ಕಡೂರು, ಬೀರೂರು, ತರೀಕೆರೆ, ಅಜ್ಜಂಪುರಗಳ ನಾಲ್ಕಾರು ಅಂಗಡಿಯವರು ಕೂಡಿ ಒಂದು ಸರಕಿನ ಆಟೋವನ್ನು ಇಟ್ಟುಕೊಳ್ಳುವುದು ಅಸಾಧ್ಯವೆ? ಇಂಗ್ಲೆಂಡಿನ ರಾಚ್‌ಡೇಲ್ ಊರಿನಲ್ಲಿ 1844ರಲ್ಲಿ 28 ಮಂದಿ ಬಡ ಕೆಲಸಗಾರರು ಕೂಡಿ ಹಿಟ್ಟು, ಬೆಣ್ಣೆ, ಸಕ್ಕರೆಗಳ ಅಂಗಡಿಯನ್ನು ತೆರೆದರು. ನಮ್ಮ ಗದಗದ ಬಳಿಯ ಕಣಗಿನಹಾಳದಲ್ಲಿ 1905ರಲ್ಲಿಯೇ ಸಹಕಾರ ಸಂಘವು ಹುಟ್ಟಿತು. ಕೂಡಿ ಮಾಡುವ ವಿದ್ಯೆ ನಮಗೆ ಅಪರಿಚಿತವಲ್ಲ.

ಗಿರಾಕಿಗಳ ಧರ್ಮವೂ ಇದೆ. ಆರು ತಿಂಗಳು ಉದ್ದರಿ ಬರೆಸಿ, ಅವಸರದ ಉಪ್ಪು ಮೆಣಸಿನಕಾಯಿಗೆ ಮಾತ್ರ ಊರಿನ ಅಂಗಡಿ, ರೊಕ್ಕದ ವ್ಯಾಪಾರಕ್ಕೆಲ್ಲ ದೊಡ್ಡ ಪಟ್ಟಣದ ಅಂಗಡಿ ಎಂಬ ನಡತೆಯು ಸಭ್ಯರಿಗೆ ಸಲ್ಲದು. ವಾರದ ಚೀಟಿಯನ್ನು ಒಂದೇ ಸಲ ಬರೆದು, ಹಣವನ್ನು ಸಕಾಲದಲ್ಲಿ ಸಲ್ಲಿಸಿ, ಸಾಮಾನು ತಂದ ಹುಡುಗನಿಗೆ ಒಂದು ಲೋಟ ನೀರು ಕೊಟ್ಟು ಮಾತನಾಡಿಸುವ ಮನೆಗಳಿಗೆ ಬರಲು ಯಾವ ವರ್ತಕನೂ ಹಿಂದೆಗೆಯಲಾರನು. ಮಕ್ಕಳೆಲ್ಲ ದೂರದಲ್ಲಿದ್ದು ವೃದ್ಧರಿಬ್ಬರೇ ಉಳಿದಿರುವ ಮನೆಗಳು ನಮ್ಮ ಊರುಗಳಲ್ಲಿ ಎಷ್ಟಿವೆಯೆಂಬುದು ವಾಚಕರಿಗೆ ಗೊತ್ತೇ ಇದೆ. ಅಂಥವರಿಗೆ ಈ ಏರ್ಪಾಡು ಅನುಕೂಲ ಮಾತ್ರವಲ್ಲ, ಆಧಾರ.

ಕೊನೆಯದಾಗಿ ವಾಚಕ ಮಹಾಶಯರಲ್ಲಿ ಒಂದು ವಿಜ್ಞಾಪನೆ. ಬರುವ ತಿಂಗಳ ಮನೆಯ ಲೆಕ್ಕದ ಪುಸ್ತಕದಲ್ಲಿ "ತಂದವರು ಯಾರು, ತಗುಲಿದ ಹೊತ್ತು ಎಷ್ಟು, ಪೆಟ್ರೋಲು ಎಷ್ಟು" ಎಂದು ಒಂದು ಹೊಸ ಕಲಮನ್ನು ತೆರೆಯಿರಿ. ಬರೆಯುವ ಕೆಲಸವನ್ನು ಯಜಮಾನರೇ ವಹಿಸಿಕೊಳ್ಳಲಿ. ತಿಂಗಳ ಕೊನೆಗೆ ಮೊತ್ತವನ್ನು ಕೂಡಿಸಿ ನೋಡಿದ ಬಳಿಕವೂ ಮೂವತ್ತು ರೂಪಾಯಿ ಹೆಚ್ಚೆಂದು ತೋರಿದರೆ, ಮರುದಿನದಿಂದ ಚೀಲವನ್ನು ಅವರೇ ಹಿಡಿಯಲಿ. ಆಗ ನನ್ನ ಆಕ್ಷೇಪಣೆ ಏನೂ ಇಲ್ಲ.