ಕತ್ತರಿ ಹಿಡಿಯುವ ಮುನ್ನ



ಯುಗಾದಿ ಕಳೆದು ಬಿಸಿಲು ಏರತೊಡಗಿತೆಂದರೆ ನಮ್ಮ ಧಾರವಾಡದ ಮನೆಗಳಲ್ಲಿ ಟ್ರಂಕುಗಳ ಮುಚ್ಚಳ ತೆರೆಯುವ ಕಾಲ ಬಂದಿತೆಂದೇ ಅರ್ಥ. ವರ್ಷವಿಡೀ ಒಳಗಿದ್ದ ಬಟ್ಟೆಬರೆಗಳಿಗೆ ಮಾಳಿಗೆಯ ಮೇಲೆ ಬಿಸಿಲು ಕಾಣಿಸುವುದು, ಉಡುವಂತಹವು ಎಷ್ಟು, ಉಡಲಾರದವು ಎಷ್ಟು ಎಂದು ವಿಂಗಡಿಸುವುದು, ಬೇವಿನ ಒಣ ಎಲೆಗಳನ್ನು ಹೊಸದಾಗಿ ಹಾಕಿ ಮತ್ತೆ ಮಡಚಿಡುವುದು, ಇವೆಲ್ಲ ಗೃಹಿಣಿಯ ಬೇಸಗೆಯ ಕೆಲಸಗಳು. ಹೀಗೆ ವಿಂಗಡಿಸುವಾಗ ಉಡಲೂ ಬಾರದ, ಎಸೆಯಲೂ ಮನಸ್ಸಾಗದ ಬಟ್ಟೆಗಳ ಗಂಟೊಂದು ಪ್ರತಿಯೊಂದು ಮನೆಯಲ್ಲಿಯೂ ಉಳಿಯುತ್ತದೆ. ಆ ಗಂಟಿಗೆ ನಮ್ಮ ಹಿರಿಯರು ಕಂಡುಕೊಂಡ ಉತ್ತರವೇ ಕೌದಿ.

ಹಳೆಯ ಸೀರೆ, ಧೋತರ, ಮಕ್ಕಳ ಅಂಗಿಗಳನ್ನು ನಾಲ್ಕೈದು ಪದರಾಗಿ ಹಾಸಿ, ದಪ್ಪ ದಾರದಿಂದ ಕೈಯಲ್ಲಿಯೇ ಹೊಲಿದ ಹೊದಿಕೆ ಅದೆಂದು ನಮ್ಮ ಕಡೆಯ ಓದುಗರಿಗೆ ಹೇಳಬೇಕಾಗಿಲ್ಲ. ಇದು ನಮ್ಮೊಬ್ಬರ ಸೊತ್ತೂ ಅಲ್ಲ. ಇದನ್ನೇ ಹೋಲುವ ಹೊದಿಕೆಗೆ ಮಹಾರಾಷ್ಟ್ರದಲ್ಲಿ ಗೋಧಡಿ, ಬಂಗಾಳದಲ್ಲಿ ಕಾಂತಾ, ಬಿಹಾರದಲ್ಲಿ ಸುಜನಿ ಎಂಬ ಹೆಸರುಗಳಿವೆ. ನೆರೆಯ ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡ ತಾಲೂಕುಗಳ ಸಿದ್ದಿ ಮಹಿಳೆಯರು ಹೊಲಿದ ಕೌದಿಗಳು 2011ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದ ವಸ್ತುಸಂಗ್ರಹಾಲಯವೊಂದರಲ್ಲಿ ಪ್ರದರ್ಶನಗೊಂಡವು. ಅವರು ಒಂದು ಮೂಲೆಯಿಂದ ಹೊಲಿಗೆ ಆರಂಭಿಸಿ, ಅಂಚಿನಗುಂಟ ಸುತ್ತುತ್ತ ಸುತ್ತುತ್ತ ಕೊನೆಗೆ ನಡುವಿಗೆ ಬಂದು ಮುಗಿಸುತ್ತಾರೆ. ನಾಲ್ಕೂ ಮೂಲೆಗಳಿಗೆ ಮುಕ್ಕೋನವಾಗಿ ಮಡಚಿದ ಬಟ್ಟೆ ಹಚ್ಚಿ ಅದನ್ನು ಹೂವೆಂದು ಕರೆಯುತ್ತಾರೆ. ಆ ಹೂವಿಲ್ಲದ ಕೌದಿ ಅವರ ಕಣ್ಣಿಗೆ ಬರಿಮೈಯ ಕೌದಿ. ಹರಕು ಬಟ್ಟೆಯ ಕೆಲಸದಲ್ಲಿಯೂ ಹೂವನ್ನು ಮರೆಯದ ಆ ತಾಯಂದಿರಿಗೆ ನಮಸ್ಕಾರ ಹೇಳಬೇಕೆನಿಸುತ್ತದೆ.

ಕೌದಿಯನ್ನು ಒಬ್ಬಳೇ ಹೊಲಿಯಲಾಗದೆಂದೇನೂ ಇಲ್ಲ. ಆದರೆ ಒಬ್ಬಳೇ ಹೊಲಿದರೆ ಬೆನ್ನು ಬೇಗ ನೋಯುತ್ತದೆ, ಮನಸ್ಸು ಇನ್ನೂ ಬೇಗ ಬೇಸರಗೊಳ್ಳುತ್ತದೆ. ಹಿಂದೆ ಶಾವಿಗೆ ಹೊಸೆಯಲು, ಹಪ್ಪಳ ಲಟ್ಟಿಸಲು, ಮದುವೆಯ ಮನೆಯ ಕಾಳುಕಡಿ ಹಸನು ಮಾಡಲು ಓಣಿಯ ಹೆಂಗಸರು ಇಂದು ಒಬ್ಬರ ಮನೆ, ನಾಳೆ ಇನ್ನೊಬ್ಬರ ಮನೆ ಎಂದು ಸರದಿಯಂತೆ ಸೇರುತ್ತಿದ್ದರು. ಕೂಲಿಯಿಲ್ಲ, ಲೆಕ್ಕದ ಪುಸ್ತಕವಿಲ್ಲ. ಇಂದು ನನ್ನ ಮನೆಗೆ ಬಂದವಳ ಮನೆಗೆ ನಾಳೆ ನಾನು ಹೋಗಬೇಕು, ಅಷ್ಟೆ. ಇದಕ್ಕೆ ಮುಯ್ಯಿ ಎಂದು ಹೆಸರು. ಕೈಯಿಂದ ಪಡೆದ ಸಾಲವನ್ನು ಕೈಯಿಂದಲೇ ತೀರಿಸಬೇಕು, ಹಣ ಕೊಟ್ಟು ತೀರಿಸುವಂತಿಲ್ಲ ಎಂಬುದು ಅದರ ನಿಯಮ. ಈ ಮಾತನ್ನು ಚಿಕ್ಕಂದಿನಿಂದ ಕೇಳಿದ್ದೆನಾದರೂ ಅದರ ತಿರುಳು ನನಗೆ ತಿಳಿದದ್ದು 2023ರ ಬೇಸಗೆಯಲ್ಲಿ, ನನ್ನ ಕೈಯಿಂದಲೇ ಆದ ಒಂದು ತಪ್ಪಿನಿಂದ. ಅದನ್ನು ನಿಮ್ಮೆದುರು ಮುಚ್ಚುಮರೆಯಿಲ್ಲದೆ ಹೇಳಬೇಕೆಂದಿದ್ದೇನೆ.

ನಮ್ಮ ಓಣಿಯ ಆರು ಜನ ಗೆಳತಿಯರು ಪ್ರತಿ ಗುರುವಾರ ಮಧ್ಯಾಹ್ನ ಮೂರರಿಂದ ಐದರವರೆಗೆ ಸೇರುವ ರೂಢಿಯನ್ನು ಇಟ್ಟುಕೊಂಡಿದ್ದೇವೆ. ಒಂದು ವಾರ ಒಬ್ಬರ ಮನೆಯ ಮಾವಿನ ಉಪ್ಪಿನಕಾಯಿ, ಇನ್ನೊಂದು ವಾರ ಮತ್ತೊಬ್ಬರ ದಿಂಬುಗಳಿಗೆ ಹೊಸ ಗವಸು, ಮಳೆ ಬಿದ್ದ ಮೇಲೆ ಹಿತ್ತಲಿನಲ್ಲಿ ಹೀರೆ, ಅವರೆಗಳಿಗೆ ಚಪ್ಪರ, ಹೀಗೆ ಯಾರ ಮನೆಯಲ್ಲಿ ಕೆಲಸವಿದೆಯೋ ಅಲ್ಲಿ ನಮ್ಮ ಸಭೆ. ನಮ್ಮಲ್ಲಿ ಹಿರಿಯರನ್ನು ನಾವೆಲ್ಲ ಆಯಿ ಎಂದು ಕರೆಯುತ್ತೇವೆ. ವಯಸ್ಸು ಎಪ್ಪತ್ತೆಂಟು ದಾಟಿತ್ತು. ಸೂಜಿಗೆ ದಾರ ಪೋಣಿಸಲು ಅವರಿಗೆ ಕಣ್ಣು ಸಾಲದು. ಆದುದರಿಂದ ಹತ್ತು ಸೂಜಿಗಳಿಗೆ ಮೊದಲೇ ದಾರ ಪೋಣಿಸಿ ದಿಂಬಿಗೆ ಚುಚ್ಚಿ ಅವರ ಪಕ್ಕದಲ್ಲಿಡುತ್ತೇವೆ. ಒಂದು ಸಲ ಸೂಜಿ ಕೈಗೆ ಬಂದಿತೆಂದರೆ ಅವರ ಹೊಲಿಗೆಯ ಸಾಲನ್ನು ಅಡಿಪಟ್ಟಿಯಿಟ್ಟು ಅಳೆದರೂ ಓರೆ ಸಿಗಲಾರದು.

ಆ ವರ್ಷ ನಮ್ಮ ಎದುರುಮನೆಯ ಗೆಳತಿಯ ಮಗಳು ಆರು ತಿಂಗಳ ಗರ್ಭಿಣಿ. ಹೆಣ್ಣುಮಗಳು ಇರುವುದು ಪುಣೆಯಲ್ಲಿ. ಗೆಳತಿಯ ತಾಯಿ 2021ರಲ್ಲಿ ತೀರಿಹೋಗಿದ್ದರು. ಕೊರೋನಾದ ಆ ದಿನಗಳಲ್ಲಿ ಮಗಳಿಗೆ ತಾಯಿಯ ಮುಖವನ್ನು ಸಮೀಪದಿಂದ ನೋಡುವುದೂ ಆಗಿರಲಿಲ್ಲ. ಬಳಿಕ ತವರಿನಿಂದ ಬಂದದ್ದು ತಾಯಿಯ ಸೀರೆಗಳ ಒಂದು ಟ್ರಂಕು ಮಾತ್ರ. ಎರಡು ವರ್ಷ ಅದನ್ನು ತೆರೆದಿರಲಿಲ್ಲ. ಆ ಬೇಸಗೆಯಲ್ಲಿ ತೆರೆದಳು. ತಾಯಿಯ ಬಟ್ಟೆಗಳಿಂದ ಒಂದು ಕೌದಿ ಹೊಲಿದು, ಬಾಣಂತಿಯೂ ಕೂಸೂ ಕೂಡಿ ಹೊದೆಯುವಂತೆ ಮಗಳಿಗೆ ಕೊಡಬೇಕೆಂಬುದು ಅವಳ ಆಸೆ. ಹಸುಗೂಸಿನ ಮೈಗೆ ಹೊಸ ಬಟ್ಟೆಗಿಂತ ಉಟ್ಟು ತೊಟ್ಟು ಮೆತ್ತಗಾದ ನೂಲಿನ ಬಟ್ಟೆಯೇ ಹಿತವೆಂಬುದು ಹಿರಿಯರ ಅನುಭವವಷ್ಟೆ.

ಕೆಲಸ ನಮ್ಮ ಮನೆಯ ಪಡಸಾಲೆಯಲ್ಲಿ ಆರಂಭವಾಯಿತು. ಹೊಲಿಯಬಯಸುವ ಸೋದರಿಯರಿಗೆ ಉಪಯೋಗವಾದೀತೆಂದು ಕ್ರಮವನ್ನು ಹೇಳಿಬಿಡುತ್ತೇನೆ. ಮೊದಲು ಬಟ್ಟೆಗಳನ್ನೆಲ್ಲ ಬಿಸಿನೀರಿನಲ್ಲಿ ನೆನೆಸಿ ಒಗೆದು ಕಡುಬಿಸಿಲಿನಲ್ಲಿ ಒಣಗಿಸಬೇಕು. ಬಣ್ಣ ಬಿಡುವ ಬಟ್ಟೆಯನ್ನು ಕಂಡುಹಿಡಿಯಲು ಅದರ ಮೂಲೆಯನ್ನು ನೀರಿನಲ್ಲಿ ತೋಯಿಸಿ ಬಿಳಿಯ ಬಟ್ಟೆಯ ಮೇಲೆ ಉಜ್ಜಿ ನೋಡಬೇಕು. ಗುಂಡಿ, ಹುಕ್ಕು, ಕೂಸಿನ ಮೈಗೆ ತಾಗಿ ಗೀರುವ ಜರಿ, ಇವನ್ನೆಲ್ಲ ಬಿಚ್ಚಿ ತೆಗೆಯಬೇಕು. ನೈಲಾನ್, ಪಾಲಿಯೆಸ್ಟರ್ ಬಟ್ಟೆಗಳನ್ನು ಸೇರಿಸದಿರುವುದು ಲೇಸು. ಅವು ಬೆವರನ್ನು ಹೀರಲಾರವು. ತೀರ ಜೀರ್ಣವಾದ ಬಟ್ಟೆಗಳು ಒಳಪದರಿಗೆ, ಗಟ್ಟಿಯಾದ ಒಂದು ಸೀರೆ ಅಡಿಗೆ, ಬಣ್ಣಬಣ್ಣದ ತುಂಡುಗಳು ಮೇಲಕ್ಕೆ. ನಮ್ಮ ಕೌದಿಯ ಅಳತೆ ಆರು ಅಡಿ ಉದ್ದ, ನಾಲ್ಕೂವರೆ ಅಡಿ ಅಗಲ. ಪದರುಗಳನ್ನು ನೆಲದ ಮೇಲೆ ಸುಕ್ಕಿಲ್ಲದಂತೆ ಹಾಸಿ, ಮೊದಲು ಗೇಣಿಗೊಂದರಂತೆ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ ಹಿಡಿದು, ಅನಂತರ ಬೆರಳಗಲದ ಅಂತರದಲ್ಲಿ ಸಾಲುಹೊಲಿಗೆ ಹಾಕುತ್ತ ಹೋಗಬೇಕು. ಆತುರ ಮಾಡಿ ದಾರವನ್ನು ಜಗ್ಗಿದರೆ ಕೌದಿ ಮುದುಡುತ್ತದೆ.

ಆತುರವೆಂದೆನಲ್ಲವೆ? ನನ್ನ ತಪ್ಪು ಅಲ್ಲಿಂದಲೇ ಹುಟ್ಟಿತು. ಕತ್ತರಿಯ ಕೆಲಸದಲ್ಲಿ ನನ್ನ ಕೈ ಚುರುಕೆಂದು ಗೆಳತಿಯರೆಲ್ಲ ಹೊಗಳುತ್ತಾರೆ. ಆ ಹೊಗಳಿಕೆ ನನಗೂ ಪ್ರಿಯವೇ. ಎದುರುಮನೆಯವಳು ತಂದ ಗಂಟಿನಲ್ಲಿ ಕಪ್ಪು ಮೈಯ ಒಂದು ಇಳಕಲ್ಲ ಸೀರೆಯಿತ್ತು. ಮೈಯೆಲ್ಲ ಸವೆದು ಜಾಳುಜಾಳಾಗಿತ್ತು. ಕೆಂಪು ರೇಷ್ಮೆಯ ಸೆರಗು ಮಾತ್ರ ಹೊಸದರಂತೆ ಹೊಳೆಯುತ್ತಿತ್ತು. ಇಳಕಲ್ಲ ಸೀರೆಯಲ್ಲಿ ಮೈಯ ಹಾಸನ್ನೂ ಸೆರಗಿನ ಹಾಸನ್ನೂ ಬೇರೆ ಬೇರೆಯಾಗಿ ಸಿದ್ಧಮಾಡಿ, ಎಳೆಗೆ ಎಳೆಯನ್ನು ಕೊಂಡಿ ಹಾಕಿ ಜೋಡಿಸಿ ನೇಯುತ್ತಾರೆಂಬುದು ನಿಮಗೆ ಗೊತ್ತಿದೆ. ನಾನು ಸರಿಯಾಗಿ ಆ ಕೊಂಡಿಯ ಗೆರೆಯ ಮೇಲೆಯೇ ಕತ್ತರಿಯಾಡಿಸಿದೆ. ಸೆರಗನ್ನು ಕೌದಿಯ ನಾಲ್ಕು ಅಂಚುಗಳಿಗೆಂದು ನಾಲ್ಕು ಪಟ್ಟಿಗಳನ್ನಾಗಿ ಸೀಳಿದೆ. ಎಲ್ಲರೂ ಚಹ ಕುಡಿದು ಬರುವಷ್ಟರಲ್ಲಿ ಕೆಲಸ ಮುಗಿದಿತ್ತು. ನೋಡಿ ಮೆಚ್ಚಲಿ ಎಂದು ಪಟ್ಟಿಗಳನ್ನು ಸಾಲಾಗಿ ಹಾಸಿಯೂ ಇಟ್ಟಿದ್ದೆ.

“ಅಕ್ಕಾರ, ಆ ಸೀರಿ ಕೊಯ್ಯೂದಿದ್ದಿಲ್ಲರಿ” ಎಂದಳು ಅವಳು. ಮುಂದೆ ಮಾತಿಲ್ಲ.

ತಾಯಿಯನ್ನು ಆಸ್ಪತ್ರೆಗೆ ಒಯ್ದ ದಿನ ಅವರು ಉಟ್ಟಿದ್ದ ಸೀರೆ ಅದಂತೆ. ಅಂಚಿಗೆ ಇಂತಹ ಕೆಂಪು ಬಟ್ಟೆ ಬೇಕೆಂದು ಬಣ್ಣ ತೋರಿಸುವುದಕ್ಕಷ್ಟೇ ಅದನ್ನು ತಂದಿದ್ದಳು. ಹಾಗೆಂದು ಉಳಿದವರಿಗೆ ಹೇಳಿಯೂ ಇದ್ದಳು. ಆಗ ನಾನು ಅಡಿಗೆಮನೆಯಲ್ಲಿದ್ದೆ. ‘ನನಗೆ ಯಾರೂ ಹೇಳಲಿಲ್ಲ’ ಎಂಬ ಮಾತು ನನ್ನ ನಾಲಗೆಯ ತುದಿಗೆ ಬಂದಿತು. ಆದರೆ ನಾನು ಕೇಳಿರಲಿಲ್ಲವೆಂಬುದೂ ಅಷ್ಟೇ ನಿಜ. ಅವಳು ತುಂಡುಗಳನ್ನೆಲ್ಲ ಒಂದೊಂದಾಗಿ ಮಡಚಿಕೊಂಡು ಮನೆಗೆ ಹೋದಳು. ಮುಂದಿನ ಗುರುವಾರ ಬರಲಿಲ್ಲ. ಅದರ ಮುಂದಿನ ಗುರುವಾರವೂ ಬರಲಿಲ್ಲ. ಎದುರುಬದುರು ಮನೆ, ಬೆಳಗ್ಗೆ ಅಂಗಳಕ್ಕೆ ನೀರು ಹಾಕುವಾಗ ಇಬ್ಬರೂ ಬೇರೆ ಬೇರೆ ದಿಕ್ಕಿಗೆ ನೋಡುವುದು ಎಂತಹ ಹಿಂಸೆಯೆಂಬುದನ್ನು ಅನುಭವಿಸಿದವರೇ ಬಲ್ಲರು.

ನನಗೆ ತೋಚಿದ ಪರಿಹಾರ ಒಂದೇ. ಇಳಕಲ್ಲಿನಿಂದ ಅಂಥದೇ ಕಪ್ಪು ಸೀರೆಯನ್ನು ತರಿಸಿ, ಕುಂಕುಮವಿಟ್ಟು ಅವಳ ಮನೆಗೆ ಒಯ್ದೆ. ಅವಳು ಒಳಗೆ ಕರೆದಳು, ಚಹ ಕೊಟ್ಟಳು, ಸೀರೆಯನ್ನು ಮಾತ್ರ ತೆಗೆದುಕೊಳ್ಳಲಿಲ್ಲ. “ಸೀರಿ ಅಂಗಡ್ಯಾಗ ಸಿಗತಾವರಿ ಅಕ್ಕಾರ. ಅವ್ವ ಉಟ್ಟಿದ್ದು ಸಿಗೂದಿಲ್ಲ” ಎಂದಳು. ಸಿಟ್ಟಿನಿಂದ ಹೇಳಿದ್ದರೆ ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

ಆಯಿಗೆ ಈ ಸಂಗತಿ ತಿಳಿದು ನಮ್ಮಿಬ್ಬರನ್ನೂ ತಮ್ಮ ಮನೆಗೆ ಕರೆಸಿದರು. ನನಗೆ, “ರೊಕ್ಕದ್ದು ರೊಕ್ಕದಾಗ ತೀರತೈತಿ. ಇದು ಹಂಗ ತೀರೂದಲ್ಲವಾ” ಎಂದರು. ಅವಳಿಗೆ, “ತುಂಡು ಆಗಿದ್ದನ್ನ ಟ್ರಂಕಿನ್ಯಾಗ ಇಟ್ಟರ ನುಸಿ ತಿಂತಾವು. ತಗೊಂಡ ಬಾ, ಹೊಲಿಯೂಣು” ಎಂದರು. ಅನಂತರ ಆರೂ ಜನರಿಗೆ ಒಂದು ಕಟ್ಟಳೆ ಹಾಕಿದರು: ಈ ಕೌದಿಗೆ ಪ್ರತಿಯೊಬ್ಬರೂ ತಮ್ಮ ಮನೆಯ ಒಂದು ಹಳೆಯ ಸೀರೆಯನ್ನು ತರಬೇಕು, ಅದನ್ನು ಕೂಸಿನ ಅಜ್ಜಿಯೇ ತನ್ನ ಕೈಯಿಂದ ಕತ್ತರಿಸಬೇಕು. ಎಂಥ ಸೀರೆ ತರಬೇಕೆಂದು ಮಾತ್ರ ಅವರು ಹೇಳಲಿಲ್ಲ.

ಮೊದಲು ನಾನು ನನ್ನದೇ ಒಂದು ಹರಿದ ಸೀರೆಯನ್ನು ತೆಗೆದಿಟ್ಟೆ. ರಾತ್ರಿ ನಿದ್ರೆ ಹತ್ತಲಿಲ್ಲ. ನನ್ನ ಟ್ರಂಕಿನ ತಳದಲ್ಲಿ ನನ್ನ ಅವ್ವನ ಹಸಿರು ಸೀರೆಯೊಂದಿತ್ತು. ಹತ್ತೊಂಬತ್ತು ವರ್ಷಗಳಿಂದ ಅದನ್ನು ಯಾರೂ ಮುಟ್ಟದಂತೆ ಕಾಯ್ದಿದ್ದೆ. ಮಗಳು ಕೇಳಿದರೂ ಕೊಟ್ಟಿರಲಿಲ್ಲ. ಗುರುವಾರ ಅದನ್ನೇ ಒಯ್ದು ಅವಳ ಮುಂದಿಟ್ಟು, ಯಾರ ಸೀರೆಯೆಂಬುದನ್ನೂ ಹೇಳಿದೆ.

ಅವಳು ಅದನ್ನು ಹಿಂದಿರುಗಿಸುವಳೆಂದು ನಿಮಗೆ ಅನಿಸಿರಬಹುದು. ನಿಜ ಹೇಳಬೇಕೆಂದರೆ ನನ್ನ ಮನಸ್ಸಿನ ಮೂಲೆಯಲ್ಲಿಯೂ ಆ ಆಸೆಯಿತ್ತು. ಅವಳು ಹಿಂದಿರುಗಿಸಲಿಲ್ಲ. ಸೀರೆಯನ್ನು ಬಿಡಿಸಿ, ಮಡಿಕೆಯ ಗೆರೆಗಳ ಮೇಲೆ ಒಂದು ಕ್ಷಣ ಕೈಯಾಡಿಸಿ, ನನ್ನ ಮುಖವನ್ನು ನೋಡದೆ ಕತ್ತರಿಸಿದಳು. ಆ ಸಪ್ಪಳ ನನ್ನ ಎದೆಗೆ ತಾಗಿತು. ಹೊಸ ಸೀರೆ ಒಯ್ದ ದಿನ ನಾನು ಅವಳ ನೋವಿಗೆ ಬೆಲೆ ಕಟ್ಟಲು ಹೋಗಿದ್ದೆ ಎಂಬುದು ಆಗ ತಿಳಿಯಿತು. ಇಬ್ಬರೂ ಅತ್ತೆವು. ಆಯಿ ಸುಮ್ಮನೆ ಹೊಲಿಯುತ್ತಿದ್ದರು.

ಕೌದಿ ಮುಗಿಯಲು ಏಳು ಗುರುವಾರಗಳು ಹಿಡಿದವು. ಕೊನೆಯ ಎರಡು ವಾರ ಮಂಗಳವಾರವೂ ಕುಳಿತೆವು. ನಡುವೆ ನನ್ನ ಅವ್ವನ ಹಸಿರು, ಸುತ್ತಲೂ ಉಳಿದವರು ತಂದ ಬಣ್ಣಗಳು, ನಾಲ್ಕು ಅಂಚಿಗೆ ಆ ಕೆಂಪು ಸೆರಗಿನ ಪಟ್ಟಿಗಳು. ರೇಷ್ಮೆ ಜಾರುತ್ತಿದ್ದುದರಿಂದ ಅಂಚಿಗೆ ಎರಡು ಸಾಲು ಹೊಲಿಗೆ ಬೇಕಾಯಿತು. ಆ ಕೆಲಸವನ್ನು ಅವಳೂ ನಾನೂ ಎದುರುಬದುರು ಕುಳಿತು ಮಾಡಿದೆವು. ಶ್ರಾವಣದಲ್ಲಿ ಹೆಣ್ಣುಕೂಸು ಹುಟ್ಟಿತು. ಅವಳು ಕೌದಿಯನ್ನು ತಾನೇ ಹೊತ್ತುಕೊಂಡು ಪುಣೆಯ ರೈಲು ಹತ್ತಿದಳು.

ನಮ್ಮ ಸ್ನೇಹ ಮೊದಲಿನಂತೆಯೇ ಆಯಿತೆಂದು ಬರೆದರೆ ಸುಳ್ಳಾದೀತು. ಈಗ ಅದರಲ್ಲಿ ಒಂದಿಷ್ಟು ಎಚ್ಚರ ಸೇರಿದೆ. ನಾನು ಕತ್ತರಿ ಹಿಡಿದರೆ ಸಾಕು, “ಕೇಳಿದಿರೇನ್ರಿ ಅಕ್ಕಾರ?” ಎಂದು ಅವಳು ನಗುತ್ತಾಳೆ. ನಾನೂ ನಗುತ್ತೇನೆ, ನಕ್ಕರೂ ಕೇಳಿಯೇ ಕತ್ತರಿಸುತ್ತೇನೆ.

ಆ ಬೇಸಗೆಯಿಂದ ನಮ್ಮ ಗುರುವಾರದ ಕೂಟದಲ್ಲಿ ಮೂರು ನಿಯಮಗಳನ್ನು ಪಾಲಿಸುತ್ತಿದ್ದೇವೆ. ಬಟ್ಟೆ ತಂದವಳೇ ಗಂಟನ್ನು ಬಿಚ್ಚಿ ವಿಂಗಡಿಸಬೇಕು. ಉಳಿಸಿಕೊಳ್ಳಬೇಕಾದ ಬಟ್ಟೆಯ ತುದಿಗೆ ಬಿಳಿಯ ದಾರದ ಗಂಟು ಹಾಕಬೇಕು. ಮೊದಲ ಕತ್ತರಿಯನ್ನು ಅವಳೇ ಹಾಕಬೇಕು. ಆ ಬಳಿಕವೇ ಉಳಿದವರ ಕೈ. ನೆರವಾಗುವ ಉತ್ಸಾಹದಲ್ಲಿ ನಾವು ಗೆಳತಿಯರ ಅಡಿಗೆಮನೆಯನ್ನು ನಮ್ಮ ಇಷ್ಟದಂತೆ ಜೋಡಿಸಿಬಿಡುತ್ತೇವೆ, ಅವರ ಹಿತ್ತಲಿನ ಗಿಡವನ್ನು ಕೇಳದೆ ಕಡಿದುಬಿಡುತ್ತೇವೆ, ಅವರ ಸೊಸೆಗೆ ಬುದ್ಧಿಯನ್ನೂ ಹೇಳಿಬಿಡುತ್ತೇವೆ. ಕೈ ಚುರುಕಿದ್ದವರಿಗೆ ಈ ಅಪಾಯ ಹೆಚ್ಚು. ಮುಯ್ಯಿಯೆಂದರೆ ಇನ್ನೊಬ್ಬರ ಮನೆಯಲ್ಲಿ ದುಡಿಯುವುದಷ್ಟೇ ಅಲ್ಲ, ಅದು ಅವರ ಮನೆಯೆಂಬುದನ್ನು ನೆನಪಿಟ್ಟುಕೊಂಡು ದುಡಿಯುವುದು.

ನಿಮ್ಮ ಟ್ರಂಕಿನಲ್ಲಿಯೂ ಅಂತಹ ಒಂದು ಗಂಟು ಇದ್ದೇ ಇರುತ್ತದೆ. ಈ ಬೇಸಗೆಯಲ್ಲಿ ಅದನ್ನು ಹೊರತೆಗೆಯಿರಿ, ನೆರೆಯ ನಾಲ್ವರನ್ನು ಕರೆಯಿರಿ, ಚಹಕ್ಕೆ ಇಡಿರಿ. ಕತ್ತರಿಯನ್ನು ಮಾತ್ರ ಎಲ್ಲರೂ ಬಂದು ಕುಳಿತ ಮೇಲೆಯೇ ತನ್ನಿ.